ಎದೆಯಲ್ಲಿ ಗುಳಿ ಇದೆ, ಬಾರ್ ಹಾಕಿಸ್ಬೇಕಾ ಡಾಕ್ಟ್ರೇ?

ಹೋದ ಸಂಚಿಕೆಯಲ್ಲಿ ಒಬ್ಬ ಹುಡುಗ 'ನನ್ನ ಎದೆ ಮಧ್ಯೆ ತಗ್ಗಿದೆ, ನಾಚಿಕೆ ಆಗತ್ತೆ' ಅಂತ ಎರಡೇ ಸಾಲು ಬರೆದಿದ್ದ, ನಾನೂ ನಾಲ್ಕು ಸಾಲಲ್ಲಿ ಉತ್ತರ ಕೊಟ್ಟು ಮುಗಿಸಿದ್ದೆ. ಆಮೇಲೆ ನೋಡಿದ್ರೆ ಮೇಲ್ ಬಾಕ್ಸ್ ತುಂಬ ಬರೀ ಎದೆಯದ್ದೇ ಪ್ರಶ್ನೆ. ಇಷ್ಟು ಜನ ಇದನ್ನ ಶರ್ಟ್ ಒಳಗೆ ಮುಚ್ಚಿಟ್ಕೊಂಡು ಓಡಾಡ್ತಿದ್ದಾರೆ ಅಂತ ನಂಗೆ ಗೊತ್ತಿಲ್ದೇ ಏನಿಲ್ಲ, ಆದ್ರೂ ಒಟ್ಟಿಗೆ ಓದಿದಾಗ ಸ್ವಲ್ಪ ಬೇಜಾರಾಯ್ತು. ಹಾಗಾಗಿ ಈ ಸಲ ಶುಗರ್, ಬಿಪಿ, ಮಂಡಿನೋವಿನವರು ದಯವಿಟ್ಟು ಕಾಯ್ಬೇಕು, ಇಡೀ ಅಂಕಣ ಇದಕ್ಕೇ.

ಪ್ರಶ್ನೆ: ಡಾಕ್ಟ್ರೇ ನಮಸ್ಕಾರ. ನನ್ನ ಮಗನಿಗೆ ಈಗ 13 ವರ್ಷ. ಚಿಕ್ಕವನಿದ್ದಾಗ ಎದೆ ನಡುವೆ ಒಂದು ಸಣ್ಣ ಹಳ್ಳದ ಥರ ಇತ್ತು, ಬೆಳೀತಾ ಸರಿ ಹೋಗತ್ತೆ ಅಂತ ಎಲ್ರೂ ಹೇಳಿದ್ರು, ನಾವೂ ಸುಮ್ನಾದ್ವಿ. ಈಗ ಎರಡು ವರ್ಷದಿಂದ ಉದ್ದ ಆಗ್ತಿದಾನೆ, ಹಳ್ಳಾನೂ ಆಳ ಆಗ್ತಿದೆ. ಸ್ನಾನ ಮಾಡುವಾಗ ಅಲ್ಲಿ ನೀರು ನಿಲ್ಲತ್ತೆ. ಹೋದ ತಿಂಗಳು ಧರ್ಮಸ್ಥಳಕ್ಕೆ ಹೋಗಿದ್ವಿ, ಅಲ್ಲಿ ಶರ್ಟ್ ಬಿಚ್ಚಬೇಕಲ್ಲ, ಇವ್ನು ಒಳಗೆ ಬರೋದೇ ಇಲ್ಲ ಅಂತ ಹೊರಗೇ ಕೂತ್ಬಿಟ್ಟ. ಬರೋ ಬೇಸಿಗೇಲಿ ಮುಂಜಿ ಇಟ್ಕೊಂಡಿದೀವಿ, ಅದೂ ಬೇಡ ಅಂತಿದಾನೆ. ನಮ್ಮತ್ತೆ 'ಬಸುರೀಲಿ ನೀನು ಕ್ಯಾಲ್ಶಿಯಂ ಮಾತ್ರೆ ಎಸೀತಿದ್ದೆ, ಅದಕ್ಕೇ ಹಿಂಗಾಯ್ತು' ಅಂತಾರೆ. ಹಾರ್ಟಿಗೆ ತೊಂದ್ರೆ ಇದ್ಯಾ? ಯಾರಿಗೆ ತೋರಿಸ್ಬೇಕು?
ಒಬ್ಬ ತಾಯಿ, ಸಾಗರ

ಉತ್ತರ: ಅಮ್ಮಾ, ಮೊದಲು ಅತ್ತೆಯವರ ವಿಷ್ಯ ಮುಗಿಸೋಣ. ನೀವು ಮಾತ್ರೆ ಎಸೆದಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಮಾತ್ರೆ ಎಸೀಬಾರ್ದಿತ್ತು, ಅದು ಬೇರೆ ಮಾತು. ವಿಟಮಿನ್ ಡಿ ತೀರಾ ಕಮ್ಮಿಯಾಗಿ ರಿಕೆಟ್ಸ್ ಬಂದ ಮಕ್ಕಳಲ್ಲಿ ಎದೆ ಆಕಾರ ಕೆಡೋದು ಹೌದು, ಆದ್ರೆ ಅಂಥ ಮಕ್ಕಳ ಕಾಲೂ ಸೊಟ್ಟ ಇರತ್ತೆ, ಮಣಿಕಟ್ಟು ದಪ್ಪ ಇರತ್ತೆ, ನೋಡಿದ ತಕ್ಷಣ ಗೊತ್ತಾಗತ್ತೆ. ನಿಮ್ಮ ಮಗನದ್ದು ಅದಲ್ಲ ಅನ್ಸತ್ತೆ.

ಇದಕ್ಕೆ ಪೆಕ್ಟಸ್ ಎಕ್ಸ್‌ಕವೇಟಮ್ ಅಂತಾರೆ, ಹೆಸರು ಕೇಳಿ ಹೆದರ್ಬೇಡಿ, ಲ್ಯಾಟಿನ್‌ನಲ್ಲಿ 'ತೋಡಿದ ಎದೆ' ಅಂತ ಅಷ್ಟೇ ಅರ್ಥ. ಪಕ್ಕೆಲುಬು ಬೆನ್ನಿಂದ ಹೊರಟು ಸುತ್ತಿ ಮುಂದೆ ಬರತ್ತಲ್ಲ, ಅದು ಎದೆ ನಡುವಿನ ಚಪ್ಪಟೆ ಮೂಳೆಗೆ ನೇರವಾಗಿ ಸೇರಲ್ಲ, ಕೊನೇಲಿ ಒಂದಷ್ಟು ಉದ್ದ ಕಾರ್ಟಿಲೇಜ್ ಇರತ್ತೆ, ಅಂದ್ರೆ ಮೃದ್ವಸ್ಥಿ, ಕಿವಿ ಮೇಲ್ಭಾಗ ಬಗ್ಗಿಸಿದ್ರೆ ಬಗ್ಗತ್ತಲ್ಲ ಹೆಚ್ಚುಕಮ್ಮಿ ಆ ಜಾತಿದು, ಅದಕ್ಕಿಂತ ಗಟ್ಟಿ. ಈ ಮೃದ್ವಸ್ಥಿ ಬೆಳೆಯೋದ್ರಲ್ಲಿ ಎಡವಟ್ಟಾದಾಗ ನಡುವಿನ ಮೂಳೆಯನ್ನ ಒಳಗೆ ತಳ್ಳತ್ತೆ. ಸುಮಾರು 300-400 ಮಕ್ಕಳಲ್ಲಿ ಒಬ್ರಿಗೆ ಇರತ್ತೆ, ಹುಡುಗೀರಿಗಿಂತ ಹುಡುಗರಲ್ಲಿ ನಾಲ್ಕು ಪಟ್ಟು ಜಾಸ್ತಿ. ಮನೆತನದಲ್ಲಿ ಬರೋದೂ ಉಂಟು, ಅವರ ಅಪ್ಪನೋ ಸೋದರಮಾವನೋ ಶರ್ಟ್ ಬಿಚ್ಚಿದಾಗ ಒಮ್ಮೆ ಸೂಕ್ಷ್ಮವಾಗಿ ನೋಡಿ, ಅತ್ತೆಯವರ ಕಡೆಯಿಂದಲೇ ಬಂದಿರಬಹುದು, ಆದ್ರೆ ಅದನ್ನ ಈಗ ಹೇಳೋಕೆ ಹೋಗ್ಬೇಡಿ.

ಹುಡುಗರು ಸರ್ರನೆ ಉದ್ದ ಆಗೋ 11-15ರ ವಯಸ್ಸಲ್ಲೇ ಗುಳಿ ಆಳ ಆಗೋದು, ನೀವು ನೋಡ್ತಿರೋದು ಅದನ್ನೇ. 'ಬೆಳೀತಾ ಸರಿ ಹೋಗತ್ತೆ' ಅನ್ನೋರ ಮಾತು ಈ ಒಂದು ವಿಷಯದಲ್ಲಿ ಉಲ್ಟಾ.

ಹಾರ್ಟ್ ವಿಷ್ಯ. ಸುಮಾರು ಮಕ್ಕಳಿಗೆ ಏನೂ ಆಗಿರಲ್ಲ. ಆಳ ಜಾಸ್ತಿ ಇದ್ದೋರಲ್ಲಿ ಮೂಳೆ ಹಾರ್ಟಿನ ಬಲಭಾಗವನ್ನ ಅದುಮತ್ತೆ, ಹಾರ್ಟ್ ಸ್ವಲ್ಪ ಎಡಕ್ಕೆ ಸರಿದಿರತ್ತೆ, ಓಡುವಾಗ ಬೇರೆ ಮಕ್ಕಳಿಗಿಂತ ಬೇಗ ಉಸಿರು ಕಟ್ಟತ್ತೆ. ಕೂತಾಗ ಏನೂ ಗೊತ್ತಾಗಲ್ಲ. ಅದಕ್ಕೇ ಎಕೋ, ಅಂದ್ರೆ ಹಾರ್ಟಿನ ಸ್ಕ್ಯಾನ್, ಮಾಡಿಸ್ತಾರೆ, ಉಸಿರಾಟದ ಟೆಸ್ಟ್ ಮಾಡಿಸ್ತಾರೆ, ಬೆನ್ನು ಸೊಟ್ಟ ಇದ್ಯಾ ನೋಡ್ತಾರೆ, ಆಮೇಲೆ ಸಿಟಿ ಸ್ಕ್ಯಾನ್. ಸಿಟಿಯಲ್ಲಿ ಒಂದು ನಂಬರ್ ಬರತ್ತೆ, ಹ್ಯಾಲರ್ ಇಂಡೆಕ್ಸ್ ಅಂತ, ಅದು ನಿಮಗೂ ಗೊತ್ತಿರಲಿ ಯಾಕಂದ್ರೆ ಎಲ್ರೂ ಅದನ್ನೇ ಹಿಡ್ಕೊಂಡು ಮಾತಾಡೋದು. ಎದೆಯ ಒಳಗಿನ ಅಗಲ ಎಷ್ಟು, ಗುಳಿ ತುಂಬಾ ಆಳ ಇರೋ ಕಡೆ ಎದೆಮೂಳೆಯಿಂದ ಬೆನ್ನುಮೂಳೆಗೆ ದೂರ ಎಷ್ಟು, ಒಂದನ್ನ ಇನ್ನೊಂದರಿಂದ ಭಾಗಿಸೋದು, ಐದನೇ ಕ್ಲಾಸ್ ಲೆಕ್ಕ. ಅಗಲ 26 ಸೆಂ.ಮೀ., ದೂರ 8 ಸೆಂ.ಮೀ. ಇದ್ರೆ 3.25. ಸಾಮಾನ್ಯವಾಗಿ ಎಲ್ರದ್ದೂ 2.5 ಆಸುಪಾಸಲ್ಲಿ ಇರತ್ತೆ, 3.25 ದಾಟಿದ್ರೆ ಆಪರೇಷನ್ ಮಾತು ಬರತ್ತೆ. ಮಾತು ಬರತ್ತೆ ಅಷ್ಟೇ, ಮಾಡ್ಲೇಬೇಕು ಅಂತಲ್ಲ.

ಇನ್ನೊಂದು. ಮಗ ವಯಸ್ಸಿಗೆ ಮೀರಿ ಉದ್ದ ಇದ್ದಾನಾ, ಕೈಬೆರಳು ತೀರಾ ನೀಳ ಇದ್ಯಾ, ಹೆಬ್ಬೆರಳನ್ನ ಒಳಗಿಟ್ಟು ಮುಷ್ಟಿ ಕಟ್ಟಿದ್ರೆ ಹೆಬ್ಬೆರಳ ತುದಿ ಆ ಕಡೆ ಆಚೆ ಬರತ್ತಾ, ಕನ್ನಡಕದ ಪವರ್ ಜಾಸ್ತಿ ಇದ್ಯಾ, ಇದೆಲ್ಲ ಇದ್ರೆ ಡಾಕ್ಟ್ರಿಗೆ ಹೇಳಿ. ಮಾರ್ಫಾನ್ ಅಂತ ಒಂದು ಕಾಯಿಲೆ ಇದೆ, ಅದ್ರಲ್ಲಿ ಎದೆ ಗುಳಿಗಿಂತ ಹಾರ್ಟಿಂದ ಹೊರಡೋ ದೊಡ್ಡ ರಕ್ತನಾಳವೇ ಮುಖ್ಯ, ಅದನ್ನ ಮೊದಲು ನೋಡ್ಬೇಕಾಗತ್ತೆ.

ಮೊದಲು ನಿಮ್ಮೂರಿನ ಮಕ್ಕಳ ಡಾಕ್ಟ್ರು, ಅವರ ಚೀಟಿ ಇಟ್ಕೊಂಡು ಪೀಡಿಯಾಟ್ರಿಕ್ ಸರ್ಜನ್ (ಮಕ್ಕಳ ಸರ್ಜನ್) ಅಥವಾ ಥೊರಾಸಿಕ್ ಸರ್ಜನ್ (ಎದೆಯ ಸರ್ಜನ್). ಮುಂಜಿಗಿಂತ ಮುಂಚೆ ಆಪರೇಷನ್ ಮುಗಿಸ್ಬಿಡೋಣ ಅಂತ ಮಾತ್ರ ಹೊರಡಬೇಡಿ, ಮುಹೂರ್ತಕ್ಕೆ ಎದೆ ರೆಡಿ ಮಾಡೋಕಾಗಲ್ಲ. ಶಲ್ಯ ಹೊದ್ದುಕೊಂಡೇ ಕೂರಲಿ, ಪುರೋಹಿತರಿಗೆ ಮೊದಲೇ ಹೇಳಿಟ್ರೆ ಯಾರೂ ಏನೂ ಅನ್ನಲ್ಲ. ಮತ್ತೆ ಡಾಕ್ಟ್ರ ರೂಮಲ್ಲಿ ಒಂದೈದು ನಿಮಿಷ ಅವನೊಬ್ಬನನ್ನೇ ಬಿಟ್ಟು ನೀವು ಆಚೆ ಬನ್ನಿ. ಏಪ್ರಿಲ್ ಬಿಸಿಲಲ್ಲಿ ಎರಡು ಬನಿಯನ್, ಮೇಲೊಂದು ಶರ್ಟ್, ಅದರ ಮೇಲೆ ಜರ್ಕಿನ್ ಹಾಕ್ಕೊಂಡು ಬಂದಿದ್ದ ಹುಡುಗನ್ನ ನಾನು ನೋಡಿದೀನಿ, ಅಮ್ಮ ಎದುರಿಗಿದ್ದಷ್ಟು ಹೊತ್ತೂ 'ಏನಿಲ್ಲ, ಏನಿಲ್ಲ' ಅಂತಿದ್ದ, ಅಮ್ಮ ಆಚೆ ಹೋದ್ಮೇಲೆ ಗುಂಡಿ ಬಿಚ್ಚೋಕೆ ಹತ್ತು ನಿಮಿಷ ತಗೊಂಡ, ಬಿಚ್ಚಿದ್ಮೇಲೆ ಮಾತೂ ಬಂತು.

ಪ್ರಶ್ನೆ: ನಮಸ್ಕಾರ ಸಾಹೇಬ್ರ. ನಮ್ಮ ಹುಡುಗ 15 ವರ್ಷದಾಂವ, ಎದಿಯೊಳಗ ತಗ್ಗು ಐತಿ. ಸಿಟಿ ಸ್ಕ್ಯಾನ್ ಮಾಡ್ಸಿದ್ವಿ, 4.1 ಬಂದೈತಿ ಅಂದ್ರು. ಮೊದಲ ಕಬಡ್ಡಿ ಆಡಾಂವ, ಈಗ ಲಗೂನ ದಣೀತಾನ ಅಂತ ಬಿಟ್ಟಾನ. ಸ್ಟೀಲ್ ಬಾರ್ ಹಾಕ್ತೀವಿ, ಬರೇ ಎರಡು ಸಣ್ಣ ಗಾಯ, ಕೀ ಹೋಲ್ ಆಪರೇಷನ್ ಅಂತ ಡಾಕ್ಟ್ರು ಹೇಳ್ಯಾರ. ಎದಿ ಒಳಗ ಅದನ್ನ ಹೆಂಗ ಹಾಕ್ತಾರ್ರಿ, ಎಲುಬು ಕಡೀತಾರೇನು? ಹಾರ್ಟ್ ಬಾಜೂಕ ಕಬ್ಬಣ ಇಟ್ರ ಏನೂ ಆಗೂದಿಲ್ಲೇನು? ಇವರ ಅವ್ವ ದಿನಾ ಅಳಕೋಂತ ಕುಂದರ್ತಾಳ.
ಒಬ್ಬ ತಂದಿ, ಹುಬ್ಬಳ್ಳಿ

ಉತ್ತರ: ಎಲುಬು ಕಡಿಯಲ್ಲ ರೀ. ಈ ಆಪರೇಷನ್‌ನ ಇಡೀ ಕಥೆನೇ ಅದು, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳ್ತೀನಿ, ಇದನ್ನ ಮನೇಲಿ ಅವರ ಅವ್ವನಿಗೂ ಓದಿ ಹೇಳಿ.

ಮೊದಲು ಕಡೀತಿದ್ರು. 1949ರಲ್ಲಿ ಅಮೆರಿಕದ ಡಾಕ್ಟರ್ ರಾವಿಚ್ ಅನ್ನೋರು ಹೇಳಿಕೊಟ್ಟ ರೀತಿ ಅದು, ಎದೆ ಮುಂಭಾಗವನ್ನ ಅಗಲವಾಗಿ ತೆರೆದು, ಸೊಟ್ಟಗಾಗಿರೋ ಮೃದ್ವಸ್ಥಿ ತೆಗೆದು, ಎದೆಮೂಳೆಯನ್ನ ಒಂದು ಕಡೆ ಕೊಯ್ದು ಮುಂದಕ್ಕೆತ್ತಿ ಕೂರಿಸೋದು. ಕೆಲವು ಕೇಸಿಗೆ ಈಗಲೂ ಅದೇ ಬೇಕಾಗತ್ತೆ. ಆಮೇಲೆ ವರ್ಜೀನಿಯಾ ರಾಜ್ಯದ ನಾರ್ಫೋಕ್ ಅನ್ನೋ ಊರಲ್ಲಿ, ಅಲ್ಲಿನ ಮಕ್ಕಳ ಆಸ್ಪತ್ರೇಲಿ ಡೊನಾಲ್ಡ್ ನಸ್ ಅನ್ನೋ ಸರ್ಜನ್ 1987ರಲ್ಲಿ ಬೇರೆ ಥರ ಯೋಚ್ನೆ ಮಾಡಿದ್ರು. ಮಕ್ಕಳ ಎದೆಗೂಡು ಎಷ್ಟು ಬಗ್ಗತ್ತೆ ಅಂದ್ರೆ ಒತ್ತಿದ್ರೆ ಒಳಗೆ ಹೋಗತ್ತೆ, ಬಿಟ್ರೆ ಆಚೆ ಬರತ್ತೆ. ವಯಸ್ಸಾದೋರಲ್ಲೂ ದಮ್ಮು ಜಾಸ್ತಿಯಾಗಿ ವರ್ಷಗಟ್ಟಲೆ ಇದ್ರೆ ಎದೆ ಪೀಪಾಯಿ ಥರ ದುಂಡಗಾಗತ್ತೆ, ಅಂದ್ರೆ ಎದೆ ಆಕಾರ ಬದಲಾಯಿಸೋಕೆ ರೆಡಿ ಇದೆ. ಹಲ್ಲಿಗೆ ಕ್ಲಿಪ್ ಹಾಕಿದ್ರೆ ಹಲ್ಲು ಸರಿಯಲ್ವಾ? ಹಾಗಿದ್ಮೇಲೆ ಪಕ್ಕೆಲುಬನ್ನ ಯಾಕೆ ಕಡೀಬೇಕು, ಒಳಗಿಂದ ಒಂದು ಆಸರೆ ಕೊಟ್ಟು ಬಿಟ್ರೆ ತಾನೇ ಹೊಸ ಆಕಾರಕ್ಕೆ ಬರಲ್ವಾ ಅಂತ. ಹತ್ತು ವರ್ಷ ಗದ್ದಲ ಮಾಡದೆ 42 ಮಕ್ಕಳಿಗೆ ಮಾಡಿ ಆಮೇಲೆ 1998ರಲ್ಲಿ ಬರೆದು ಪ್ರಕಟಿಸಿದ್ರು. ಅದಾದ್ಮೇಲೆ ಪ್ರಪಂಚದ ಎಲ್ಲ ಕಡೆ ಇದೇ ನಡೀತಿದೆ, ನಸ್ ಆಪರೇಷನ್ ಅಂತಲೇ ಹೆಸರು.

ಹೆಂಗ್ ಹಾಕ್ತಾರೆ ಅಂದ್ರೆ, ಹುಡುಗನ ಎರಡೂ ಕಂಕುಳ ಕೆಳಗೆ, ಪಕ್ಕದಲ್ಲಿ, ಒಂದೊಂದು ಸಣ್ಣ ಗಾಯ. ಈ ಕಡೆಯಿಂದ ಆ ಕಡೆಗೆ ಟೇಪ್ ಹಿಡಿದು ಅಳೆದು ಅದಕ್ಕೆ ಸರಿಯಾದ ಸ್ಟೀಲ್ ಪಟ್ಟಿ ಆರಿಸ್ಕೊಂಡು, ಅಲ್ಲೇ ಥಿಯೇಟರಲ್ಲೇ ಒಂದು ಬಗ್ಗಿಸೋ ಸಾಧನದಲ್ಲಿ ಸ್ವಲ್ಪ ಸ್ವಲ್ಪವೇ ಒತ್ತಿ ಬಿಲ್ಲಿನ ಆಕಾರ ಮಾಡ್ತಾರೆ. ಎದೆ ಪಕ್ಕದಿಂದ ಒಂದು ಸಣ್ಣ ಕ್ಯಾಮೆರಾ ಒಳಗೆ ಬಿಟ್ಟಿರ್ತಾರೆ, ಟಿವಿ ಪರದೆ ಮೇಲೆ ಹಾರ್ಟ್ ಬಡ್ಕೊಳ್ತಿರೋದು ಕಾಣ್ತಿರತ್ತೆ, ಅದರ ಮೇಲೆ ಸೂರಿನ ಥರ ತಗ್ಗಿ ಬಂದಿರೋ ಎದೆಮೂಳೆ. ಆ ಎರಡರ ಮಧ್ಯೆ ಉದ್ದನೆ ಬಾಗಿದ ಒಂದು ಉಪಕರಣ ನಿಧಾನಕ್ಕೆ ದಾಟಿಸ್ತಾರೆ, ಆ ಕಡೆ ಆಚೆ ಬಂದ ತುದಿಗೆ ಪಟ್ಟಿಯಂಥ ದಾರ ಕಟ್ಟಿ ವಾಪಸ್ ಎಳೀತಾರೆ, ದಾರದ ಹಿಂದೆ ಬಾರ್ ಬರತ್ತೆ. ಚಡ್ಡಿಗೆ ಲಾಡಿ ಪೋಣಿಸುವಾಗ ಪಿನ್ನು ಸಿಗಿಸಿ ಎಳೀತೀವಲ್ಲ, ಆ ಲೆಕ್ಕ. ಬಾರ್ ಒಳಗೆ ಬರುವಾಗ ಅದರ ಉಬ್ಬು ಬೆನ್ನಿನ ಕಡೆಗಿರತ್ತೆ. ಎರಡೂ ತುದಿ ಹಿಡಿದು ದೋಸೆ ಮಗುಚಿದ ಹಾಗೆ ಒಮ್ಮೆ ತಿರುಗಿಸ್ತಾರೆ ನೋಡಿ, ಉಬ್ಬು ಮುಂದಕ್ಕೆ ಬಂದು ಎದೆಮೂಳೆಯನ್ನ ಮೇಲೆತ್ತತ್ತೆ, ಇಷ್ಟು ವರ್ಷದ ಗುಳಿ ಕಣ್ಣೆದುರಿಗೇ ಹೋಗತ್ತೆ. ಎಷ್ಟು ಸಲ ನೋಡಿದ್ರೂ ಆ ಒಂದು ಕ್ಷಣ ಥಿಯೇಟರಲ್ಲಿ ಎಲ್ರೂ ಮಾತು ನಿಲ್ಲಿಸ್ತಾರೆ. ಆಮೇಲೆ ಬಾರ್ ಜಾರದ ಹಾಗೆ ಪಕ್ಕೆಲುಬಿಗೆ ಬಿಗಿದು ಗಾಯ ಹೊಲೀತಾರೆ. ಎರಡು ಮೂರು ವರ್ಷ ಅದು ಒಳಗಿರತ್ತೆ, ಅಷ್ಟರಲ್ಲಿ ಮೃದ್ವಸ್ಥಿ ಹೊಸ ಆಕಾರಕ್ಕೆ ಒಗ್ಗಿರತ್ತೆ, ಆಮೇಲೆ ಬಾರ್ ತೆಗೀತಾರೆ.

ಈಗ ನಿಮ್ಮ ಡಾಕ್ಟ್ರು ಹೇಳಿದ 'ಬರೇ ಎರಡು ಸಣ್ಣ ಗಾಯ' ಅನ್ನೋ ಮಾತಿಗೆ ಬರ್ತೀನಿ. ಗಾಯ ಸಣ್ಣದು, ಆಪರೇಷನ್ ಸಣ್ಣದಲ್ಲ. ಇದನ್ನ ಯಾರೂ ನಿಮಗೆ ಬಾಯಿಬಿಟ್ಟು ಹೇಳಿಲ್ಲ ಅಂದ್ರೆ ನಾನು ಹೇಳ್ತಿದೀನಿ. ವರ್ಷಗಟ್ಟಲೆ ಒಳಗೆ ಕೂತಿದ್ದ ಮೂಳೆಯನ್ನ ಒಂದೇ ಏಟಿಗೆ ಮುಂದೆ ತಳ್ಳಿರ್ತೀವಿ, ನೋವು ಜೋರಾಗೇ ಇರತ್ತೆ. ಹಿಂದೆಲ್ಲ ಬೆನ್ನಿಗೆ ಎಪಿಡ್ಯೂರಲ್, ಅಂದ್ರೆ ಸಣ್ಣ ನಳಿಕೆಯಲ್ಲಿ ನೋವಿನ ಔಷಧಿ, ಹಾಕಿ ನಾಲ್ಕೈದು ದಿನ ಆಸ್ಪತ್ರೇಲಿ ಇಡ್ತಿದ್ರು. ಈಗ ಕೆಲವು ಕಡೆ ಕ್ರಯೋ ಅಂತ ಮಾಡ್ತಾರೆ, ಪಕ್ಕೆಲುಬಿನ ಕೆಳಗೆ ಹೋಗೋ ನರಗಳನ್ನ ಸೊನ್ನೆಗಿಂತ 60-70 ಡಿಗ್ರಿ ಕೆಳಗಿನ ಚಳಿಯಲ್ಲಿ ಒಂದೊಂದನ್ನೂ ಎರಡು ನಿಮಿಷ ಹೆಪ್ಪುಗಟ್ಟಿಸೋದು, ನರ ಸಾಯಲ್ಲ, ಕೆಲವು ತಿಂಗಳು ಮಲಗತ್ತೆ, ಎದೆ ಮುಂಭಾಗ ಜೋಮು ಹಿಡಿದ ಹಾಗಿರತ್ತೆ, ಆಮೇಲೆ ವಾಪಸ್ ಬರತ್ತೆ. ಅಂಥ ಹುಡುಗರು ಒಂದೆರಡು ದಿನಕ್ಕೇ ಮನೆಗೆ ಹೋಗ್ತಾರೆ. ನಿಮ್ಮ ಆಸ್ಪತ್ರೇಲಿ ಇದ್ಯಾ ಕೇಳಿ.

ಹಾರ್ಟ್ ಬಾಜೂಕ ಕಬ್ಬಿಣ ಇದ್ರೆ ಏನಾಗತ್ತೆ ಅಂದ್ರಲ್ಲ, ಇಟ್ಟ ಮೇಲೆ ಸಾಮಾನ್ಯವಾಗಿ ಏನೂ ಆಗಲ್ಲ, ಹುಷಾರಾಗಿರಬೇಕಾದ್ದು ಇಡುವಾಗ, ಮತ್ತೆ ತೆಗೆಯುವಾಗ. ಆ ಉಪಕರಣ ದಾಟಿಸುವಾಗ ಹಾರ್ಟಿಗೆ ತಾಗಿ ತೂತಾದ ಕೇಸುಗಳು ಪ್ರಪಂಚದಲ್ಲಿ ಆಗಿವೆ, ತುಂಬಾ ಅಪರೂಪ, ಆದ್ರೆ ಆಗಿವೆ. ಅದಕ್ಕೇ ಮೂರು ಪ್ರಶ್ನೆ ಸಂಕೋಚ ಬಿಟ್ಟು ಕೇಳ್ರಿ: ಇಲ್ಲಿ ಇದುವರೆಗೆ ಎಷ್ಟು ಮಾಡಿದೀರಿ, ಕ್ಯಾಮೆರಾ ಇಟ್ಕೊಂಡೇ ಮಾಡ್ತೀರಾ, ಬಾರ್ ದಾಟಿಸೋಕೆ ಮುಂಚೆ ಎದೆಮೂಳೆಯನ್ನ ಮೇಲಕ್ಕೆ ಎತ್ತಿ ಹಿಡೀತೀರಾ. ದಿನಾ ಈ ಕೆಲ್ಸ ಮಾಡೋ ಸರ್ಜನ್‌ಗೆ ಇದಕ್ಕೆ ಸಿಟ್ಟು ಬರಲ್ಲ, ಬದಲಿಗೆ ಕೂರಿಸ್ಕೊಂಡು ಚಿತ್ರ ಬರೆದು ತೋರಿಸ್ತಾರೆ. ಸಿಟ್ಟು ಬಂದ್ರೆ ಇನ್ನೊಬ್ಬರ ಹತ್ರ ಹೋಗಿ.

4.1 ಅನ್ನೋದು ಸಾಕಷ್ಟು ಆಳ. ವಯಸ್ಸು 15, ಓಡಿದ್ರೆ ದಣಿವು, ಆಡೋದು ಬಿಟ್ಟಿದಾನೆ. ನಿಮ್ಮ ಮಗ ನನ್ನ ಹತ್ರ ಬಂದಿದ್ರೆ ನಾನೂ ಮಾಡಿಸಿ ಅಂತಲೇ ಹೇಳ್ತಿದ್ದೆ, ಅವನು ಹೂಂ ಅಂದ್ರೆ.

ಪ್ರಶ್ನೆ: ಸರ್, ನಂಗೆ 24, ಸಾಫ್ಟ್‌ವೇರ್ ಕೆಲ್ಸ. ಎದೆ ಗುಳಿ ಸ್ವಲ್ಪ ಇದೆ, ಅಷ್ಟೇನೂ ಆಳ ಇಲ್ಲ. ಮೂರು ವರ್ಷದಿಂದ ಜಿಮ್ ಮಾಡ್ತಿದೀನಿ, ಚೆಸ್ಟ್ ಬಂದಿದೆ ಆದ್ರೆ ಗುಳಿ ಇನ್ನೂ ಎದ್ದು ಕಾಣ್ತಿದೆ. ಆನ್‌ಲೈನ್‌ನಲ್ಲಿ ವ್ಯಾಕ್ಯೂಮ್ ಬೆಲ್ ಅಂತ ಸಿಗತ್ತೆ, ಅದು ವರ್ಕ್ ಆಗತ್ತಾ ಇಲ್ಲ ದುಡ್ಡು ವೇಸ್ಟಾ? ಆಪರೇಷನ್‌ಗೆ ಲೇಟ್ ಆಯ್ತಾ? ಮದುವೆ ಮಾತುಕತೆ ನಡೀತಿದೆ, ಹುಡುಗಿಗೆ ಹೇಳ್ಬೇಕಾ?
ಹೆಸರು ಬೇಡ, ಬೆಂಗಳೂರು

ಉತ್ತರ: ಜಿಮ್ ಮೂಳೆ ಸರಿ ಮಾಡಲ್ಲ. ಗುಳಿಯ ಎರಡೂ ಕಡೆ ಮಾಂಸಖಂಡ ಬೆಳೆದಾಗ ನಡುವಿನ ಕಣಿವೆ ಇನ್ನೂ ಆಳ ಕಾಣತ್ತೆ, ಅದೇ ನಿಮಗಾಗಿರೋದು. ಬೆಂಚ್ ಪ್ರೆಸ್ ಕಮ್ಮಿ ಮಾಡಿ ಬೆನ್ನಿನ ಕಸರತ್ತು ಜಾಸ್ತಿ ಮಾಡಿ, ಈ ಗುಳಿ ಇರೋ ಹುಡುಗರೆಲ್ಲ ಎದೆ ಮುಚ್ಚೋಕೆ ಅಂತ ಭುಜ ಮುಂದೆ ಚಾಚಿ ಗೂನಾಗಿ ನಿಲ್ತಾರೆ, ಲ್ಯಾಪ್‌ಟಾಪ್ ಬೇರೆ, ಹೊಟ್ಟೆ ಮುಂದೆ ಬಂದಂಗೆ ಕಾಣತ್ತೆ. ನೆಟ್ಟಗೆ ನಿಂತ್ರೆ ಅರ್ಧ ವಾಸಿ.

ವ್ಯಾಕ್ಯೂಮ್ ಬೆಲ್ ಮೋಸ ಅಲ್ಲ. ಜರ್ಮನಿಯ ಕ್ಲೋಬೆ ಅನ್ನೋರು, ಅವ್ರಿಗೇ ಈ ಗುಳಿ ಇತ್ತು, ಆಪರೇಷನ್ ಬೇಡ ಅಂತ ತಮಗೋಸ್ಕರ ಮಾಡ್ಕೊಂಡ ಸಾಧನ ಅದು. ಸಿಲಿಕೋನ್ ಬಟ್ಟಲನ್ನ ಎದೆ ಮೇಲಿಟ್ಟು ಪಂಪ್ ಮಾಡಿ ಗಾಳಿ ಎಳೆದ್ರೆ ಮೂಳೆ ಮೇಲೆ ಬರತ್ತೆ, ನಮ್ಮ ಕಡೆ ಕಪ್ಪಿಂಗ್ ಮಾಡ್ತಾರಲ್ಲ ಹಂಗೆ. ಆದ್ರೆ ಮೂರು ಷರತ್ತು. ಗುಳಿ ಆಳ ಕಮ್ಮಿ ಇರ್ಬೇಕು, ಒಂದೂವರೆ ಸೆಂಟಿಮೀಟರ್ ಒಳಗಿದ್ರೆ ಒಳ್ಳೇದು, ಎದೆ ಇನ್ನೂ ಬಗ್ಗೋ ವಯಸ್ಸಿರ್ಬೇಕು, ದಿನಾ ಗಂಟೆಗಟ್ಟಲೆ ಹಾಗೇ ತಿಂಗಳುಗಟ್ಟಲೆ ಹಾಕೋ ತಾಳ್ಮೆ ಇರ್ಬೇಕು. ಹತ್ತು ವರ್ಷದ ಮಗುವಿಗೆ ಬರೋ ಫಲ 24ರಲ್ಲಿ ಬರಲ್ಲ, ಸ್ವಲ್ಪ ಬರಬಹುದು. ಮೂಳೆ ಪುಡಿಯಾಗೋ ಕಾಯಿಲೆ, ಮಾರ್ಫಾನ್, ರಕ್ತ ಹೆಪ್ಪುಗಟ್ಟದ ತೊಂದ್ರೆ ಇರೋರು ಇದನ್ನ ಮುಟ್ಟಲೇಬಾರ್ದು. ಆನ್‌ಲೈನ್‌ನಲ್ಲಿ ತರಿಸಿ ಬಾತ್‌ರೂಮಲ್ಲಿ ಬಾಗಿಲು ಹಾಕ್ಕೊಂಡು ಗಟ್ಟಿಯಾಗಿ ಎಳೆದು ಎದೆಯೆಲ್ಲ ಹೆಪ್ಪುಗಟ್ಟಿ ನೀಲಿಯಾಗಿ ಬಂದೋರಿದ್ದಾರೆ. ಡಾಕ್ಟ್ರ ಮುಂದೆ ಒಮ್ಮೆ ಹಾಕಿ ನೋಡಿ ಆಮೇಲೆ ಮನೇಲಿ ಶುರು ಮಾಡಿ.

ಆಪರೇಷನ್‌ಗೆ ಲೇಟ್ ಅಂತೇನಿಲ್ಲ, 30-40 ದಾಟಿದೋರಿಗೂ ಮಾಡ್ತಾರೆ, ಆದ್ರೆ ಎದೆ ಗಟ್ಟಿಯಾಗಿರತ್ತೆ, ಒಂದರ ಬದಲು ಎರಡು, ಕೆಲವೊಮ್ಮೆ ಮೂರು ಬಾರ್ ಬೇಕಾಗತ್ತೆ, ನೋವೂ ಜಾಸ್ತಿ, ಬಾರ್ ಜಾರೋ ಸಾಧ್ಯತೆನೂ ಜಾಸ್ತಿ. ನಿಮ್ದು 'ಅಷ್ಟೇನೂ ಆಳ ಇಲ್ಲ' ಅಂತ ನೀವೇ ಬರೆದಿದೀರಿ. ನನ್ನ ಕೇಳಿದ್ರೆ ಬೇಡ. ಹುಡುಗಿಗೆ ಹೇಳಿ, ಕಾಫಿ ಕುಡೀತಾ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿ, ದೊಡ್ಡ ಗುಟ್ಟು ಬಿಚ್ಚಿಟ್ಟ ಹಾಗೆ ಮಾಡ್ಬೇಡಿ.

ಪ್ರಶ್ನೆ: ಡಾಕ್ಟ್ರೇ, ನನ್ನ ಅಕ್ಕನ ಮಗನಿಗೆ ಎದೆ ಒಳಗೆ ಹೋದದ್ದಲ್ಲ, ಮುಂದೆ ಬಂದದ್ದು, ಪಾರಿವಾಳದ ಎದೆಯ ಹಾಗೆ ಉಂಟು. 14 ವರ್ಷ. ಒಬ್ಬರು ಬೆಲ್ಟ್ ಹಾಕಿದರೆ ಸಾಕು ಅಂತಾರೆ, ಇನ್ನೊಬ್ಬರು ಬೆಲ್ಟಿನಿಂದ ಎಂತದೂ ಆಗುದಿಲ್ಲ, ಸರ್ಜರಿಯೇ ಆಗ್ಬೇಕು ಅಂತಾರೆ. ಯಾರದ್ದು ಸರಿ ಮಾರಾಯ್ರೆ?
ಒಬ್ಬ ಚಿಕ್ಕಮ್ಮ, ಪುತ್ತೂರು

ಉತ್ತರ: ಬೆಲ್ಟ್ ಅಂದೋರದ್ದು ಸರಿ, ಈ ವಯಸ್ಸಿಗೆ. ಮುಂದೆ ಉಬ್ಬಿದ ಎದೆಗೆ ಪೆಕ್ಟಸ್ ಕ್ಯಾರಿನೇಟಮ್ ಅಂತಾರೆ, ಮೃದ್ವಸ್ಥಿಯದ್ದೇ ಅದೇ ತಕರಾರು, ದಿಕ್ಕು ಮಾತ್ರ ಬೇರೆ. ಒಳಗೆ ಹೋದದ್ದನ್ನ ಹೊರಗಿಂದ ಹಿಡಿದೆಳೆಯೋದು ಕಷ್ಟ, ಹೊರಗೆ ಬಂದದ್ದನ್ನ ಹೊರಗಿಂದಲೇ ಒತ್ತಬಹುದಲ್ಲ, ಅಷ್ಟೇ ಅನುಕೂಲ. ಅಂಗೈ ಇಟ್ಟು ಮೆತ್ತಗೆ ಒತ್ತಿದಾಗ ಉಬ್ಬು ಒಳಗೆ ಹೋಗತ್ತೆ ಅಂದ್ರೆ ಆ ಬೆಲ್ಟ್ (ನಾವು ಬ್ರೇಸ್ ಅಂತೀವಿ) ಕೆಲ್ಸ ಮಾಡತ್ತೆ.

ಆದ್ರೆ ಇದು ಸೊಂಟನೋವಿಗೆ ಮೆಡಿಕಲ್ ಶಾಪಲ್ಲಿ ಸಿಗೋ ಬೆಲ್ಟ್ ಅಲ್ಲ. ಅವನ ಅಳತೆಗೆ ಮಾಡಿಸ್ಬೇಕು, ಮುಂದೊಂದು ಪ್ಯಾಡ್, ಹಿಂದೊಂದು ಪ್ಯಾಡ್, ಮಧ್ಯೆ ಬಿಗಿ ಮಾಡೋ ಪಟ್ಟಿ. ಶುರುವಲ್ಲಿ ದಿನಕ್ಕೆ 16 ಗಂಟೆಗಿಂತ ಜಾಸ್ತಿ ಹಾಕ್ಬೇಕಾಗತ್ತೆ, ಮಲಗುವಾಗಲೂ, ಹೀಗೆ ತಿಂಗಳುಗಟ್ಟಲೆ, ಸರಿ ಬಂದ್ಮೇಲೆ ಬರೀ ರಾತ್ರಿ. ನಿಮ್ಮ ಕಡೆಯ ಸೆಕೆಗೆ ಬೆವರಿ ಚರ್ಮ ಕೆಂಪಾಗತ್ತೆ, ಒಳಗೊಂದು ತೆಳು ಹತ್ತಿ ಬನಿಯನ್ ಹಾಕಿಸಿ. ಬ್ರೇಸ್ ಸೋಲೋದು ಬ್ರೇಸಿಂದಲ್ಲ, ಹುಡುಗ ಅದನ್ನ ಸ್ಕೂಲ್ ಬ್ಯಾಗಿಗೆ ಹಾಕ್ಕೊಂಡು ಓಡಾಡೋದ್ರಿಂದ. ಅವನ ಅಮ್ಮ ಬೈದು ಹಾಕಿಸೋದಕ್ಕಿಂತ ನೀವು ಚಿಕ್ಕಮ್ಮ ಹೇಳಿದ್ರೆ ಕೇಳ್ತಾನೇನೋ, ಪ್ರತಿ ತಿಂಗಳೂ ಒಂದು ಫೋಟೋ ತೆಗೆದಿಡಿ, ಬದಲಾವಣೆ ಕಣ್ಣಿಗೆ ಕಂಡ್ರೆ ತಾನೇ ಹಾಕ್ಕೊಳ್ತಾನೆ.

ಬೆಳವಣಿಗೆ ಮುಗಿದು ಎದೆ ಗಟ್ಟಿಯಾಗಿಬಿಟ್ಟಿದ್ರೆ ಸರ್ಜರಿ. ಅದ್ರಲ್ಲೂ ಸಣ್ಣ ಗಾಯದ ದಾರಿ ಇದೆ, ಅರ್ಜೆಂಟೀನಾದ ಏಬ್ರಾಮ್ಸನ್ ಅನ್ನೋರು 2005ರಲ್ಲಿ ಬರೆದದ್ದು, ನಸ್ ಬಾರ್ ಒಳಗಿಂದ ಎತ್ತಿದ್ರೆ ಇದು ಚರ್ಮದ ಕೆಳಗೆ, ಎದೆಮೂಳೆಯ ಮುಂದೆ ಕೂತು ಒಳಕ್ಕೆ ಒತ್ತತ್ತೆ.

ಪ್ರಶ್ನೆ: ನನ್ನ ತಮ್ಮನಿಗೆ ಎರಡು ತಿಂಗಳ ಹಿಂದೆ ಬಾರ್ ಹಾಕಿಸಿದ್ವಿ, ಆರಾಮಾಗಿದಾನೆ. ಇನ್ಶೂರೆನ್ಸ್‌ನವರು ಮಾತ್ರ ಕ್ಲೇಮ್ ರಿಜೆಕ್ಟ್ ಮಾಡಿದ್ರು, ಹುಟ್ಟಿನಿಂದ ಬಂದಿದ್ದು ಅಂತ. ಏನಾದ್ರೂ ಮಾಡಬಹುದಾ? ಇನ್ನೊಂದು, ಬಾರ್ ಒಳಗಿರುವಾಗ ಬೈಕ್, ಎಂಆರ್‌ಐ, ಏರ್‌ಪೋರ್ಟ್ ಇವೆಲ್ಲ ಹೆಂಗೆ? ನಿಕ್ಕಲ್ ಅಲರ್ಜಿ ಅಂತ ಯಾರೋ ಹೆದರಿಸಿದ್ರು.
ಅಣ್ಣ, ಮೈಸೂರು

ಉತ್ತರ: ಪಾಲಿಸಿ ಪುಸ್ತಕ ತೆಗೆದು 'ಕಂಜೆನಿಟಲ್' ಅನ್ನೋ ಪದ ಹುಡುಕಿ. ನಮ್ಮ ದೇಶದ ಪಾಲಿಸಿಗಳಲ್ಲಿ ಹುಟ್ಟು ದೋಷವನ್ನ ಎರಡು ಭಾಗ ಮಾಡಿರ್ತಾರೆ, ಮೈಮೇಲೆ ಹೊರಗೆ ಕಾಣೋ ಜಾಗದಲ್ಲಿರೋದು ಎಕ್ಸ್‌ಟರ್ನಲ್, ಕಾಣದ ಜಾಗದಲ್ಲಿರೋದು ಇಂಟರ್ನಲ್, ಸುಮಾರು ಪಾಲಿಸಿಗಳು ಎಕ್ಸ್‌ಟರ್ನಲ್‌ಗೆ ದುಡ್ಡು ಕೊಡಲ್ಲ. ಎದೆ ಗುಳಿ ಕಣ್ಣಿಗೆ ಕಾಣತ್ತಲ್ಲ, ಅದಕ್ಕೇ ಅವರು ಆ ಕಡೆ ಎಳೀತಾರೆ, ಕೆಲವೊಮ್ಮೆ 'ಬ್ಯೂಟಿಗೆ ಮಾಡಿಸಿದ್ದು' ಅಂತಲೂ ಬರೀತಾರೆ. ನಿಮ್ಮ ಕಡೆ ಇರೋ ಆಯುಧ ಅಂದ್ರೆ ಎಕೋ ರಿಪೋರ್ಟ್, ಉಸಿರಾಟದ ಟೆಸ್ಟ್, ಸಿಟಿಯ ನಂಬರ್. ಹಾರ್ಟ್ ಅದುಮಿದೆ, ಕೆಲ್ಸ ಕುಂದಿದೆ ಅಂತ ಇದ್ರೆ ಸರ್ಜನ್ ಹತ್ರ ಒಂದು ಪತ್ರ ಬರೆಸ್ಕೊಂಡು ಕಂಪನಿಯ ದೂರು ವಿಭಾಗಕ್ಕೆ ಕೊಡಿ, ಅಲ್ಲೂ ಆಗ್ಲಿಲ್ಲ ಅಂದ್ರೆ ಇನ್ಶೂರೆನ್ಸ್ ಓಂಬುಡ್ಸ್‌ಮನ್ ಇದ್ದಾರೆ, ಇನ್ಶೂರೆನ್ಸ್ ತಕರಾರು ತೀರ್ಮಾನಿಸೋ ಅಧಿಕಾರಿ, ಅಲ್ಲಿ ದೂರು ಕೊಡೋಕೆ ಫೀಸ್ ಇಲ್ಲ, ವಕೀಲರೂ ಬೇಡ. ಗೆಲ್ತೀರಿ ಅಂತ ಗ್ಯಾರಂಟಿ ಕೊಡಲ್ಲ. ಇನ್ನೂ ಮಾಡಿಸಬೇಕಾಗಿರೋ ಓದುಗರು ದಯವಿಟ್ಟು ಅಡ್ಮಿಟ್ ಆಗೋಕೆ ಮುಂಚೆನೇ ಲಿಖಿತವಾಗಿ ಕೇಳಿ.

ಬಾರ್ ವಿಷ್ಯಕ್ಕೆ ಬರೋಣ. ಮೊದಲ ಆರು ವಾರ ಸೊಂಟ ತಿರುಚೋದು, ಪಕ್ಕಕ್ಕೆ ಮಲಗೋದು, ಹೆಗಲಿಗೆ ಬ್ಯಾಗ್ ಇವೆಲ್ಲ ಬೇಡ ಅಂದಿರ್ತಾರೆ, ಆ ಕಾಲ ಮುಗೀತು. ಕಬಡ್ಡಿ, ಫುಟ್‌ಬಾಲ್ ಥರದ ಮೈಗೆ ಮೈ ತಾಗೋ ಆಟಕ್ಕೆ ಕನಿಷ್ಠ ಮೂರು ತಿಂಗಳು, ಆಮೇಲೂ ಸರ್ಜನ್ ಹೂಂ ಅನ್ನಬೇಕು. ಬೈಕೂ ಅಷ್ಟೇ, ಸರ್ಜನ್ ಕೇಳಿ, ನಮ್ಮ ರೋಡ್ ಹಂಪ್‌ಗಳಿಗೆ ಹೆದರಿ ನಾನಂತೂ ಇನ್ನೊಂದು ತಿಂಗಳು ಬೇಡ ಅಂತೀನಿ. ಏರ್‌ಪೋರ್ಟಲ್ಲಿ ಮೆಷಿನ್ ಕೂಗಿದ್ರೆ ಕೂಗಲಿ, ಡಿಸ್ಚಾರ್ಜ್ ಚೀಟಿಯ ಫೋಟೋ ಮೊಬೈಲಲ್ಲಿ ಇರಲಿ. ಎಂಆರ್‌ಐ ಬೇಕಾದ್ರೆ ಬಾರ್ ಇದೆ, ಯಾವ ಲೋಹ ಅಂತ ಮೊದಲೇ ಹೇಳ್ಬೇಕು. ನಿಕ್ಕಲ್ ಅಲರ್ಜಿ ಸುಳ್ಳಲ್ಲ, ಸ್ಟೀಲ್ ಬಾರಲ್ಲಿ ನಿಕ್ಕಲ್ ಇರತ್ತೆ, ರೋಲ್ಡ್ ಗೋಲ್ಡ್ ಓಲೆ ಹಾಕಿದ್ರೆ ಕಿವಿ ಕೆರೆಯೋದು, ಜೀನ್ಸ್ ಗುಂಡಿ ತಾಗಿದ ಕಡೆ ಹೊಕ್ಕುಳ ಕೆಳಗೆ ಕೆಂಪಾಗೋದು ಇದ್ದೋರಿಗೆ ಮುಂಚೆನೇ ಪ್ಯಾಚ್ ಟೆಸ್ಟ್, ಅಂದ್ರೆ ಚರ್ಮಕ್ಕೆ ಅಂಟಿಸಿ ನೋಡೋ ಅಲರ್ಜಿ ಪರೀಕ್ಷೆ, ಮಾಡಿ ಟೈಟಾನಿಯಂ ಬಾರ್ ತರಿಸ್ತಾರೆ. ಎರಡು ತಿಂಗಳಾದ್ಮೇಲೂ ಗಾಯ ಕೆಂಪಗೆ ಇದ್ರೆ, ನೀರು ಒಸರ್ತಿದ್ರೆ ತೋರಿಸಿ, ಇಲ್ಲಾಂದ್ರೆ ನಿಶ್ಚಿಂತೆಯಾಗಿರಿ.

ಒಂದು ಮಾತು ಮನೆಯವ್ರೆಲ್ಲ ನೆನಪಿಡ್ಬೇಕು. ಬಾರ್ ಇದ್ದವ್ರಿಗೆ ಎಲ್ಲಾದ್ರೂ ಹಾರ್ಟ್ ನಿಂತ್ರೆ ಎದೆ ಒತ್ತಬಾರ್ದು ಅಂತ ಕೆಲವ್ರು ತಿಳ್ಕೊಂಡಿದ್ದಾರೆ, ತಪ್ಪು, ಒತ್ತಲೇಬೇಕು, ಮಾಮೂಲಿಗಿಂತ ಜೋರಾಗಿ ಒತ್ಬೇಕಾಗತ್ತೆ. ಶಾಕ್ ಕೊಡೋ ಪ್ಯಾಡ್ ಒಂದು ಎದೆಗೆ, ಇನ್ನೊಂದು ಬೆನ್ನಿಗೆ. ಪರ್ಸಲ್ಲಿ ಒಂದು ಕಾರ್ಡ್ ಬರೆದಿಡಿಸಿ.

ಪ್ರಶ್ನೆ: ರೀಲ್ಸ್‌ನಲ್ಲಿ 'ರಿಬ್ ರಿಮಾಡೆಲಿಂಗ್' ಅಂತ ಬರ್ತಿದೆ, ಸೊಂಟ ಸಣ್ಣ ಆಗತ್ತಂತೆ. ಇದೂ ಅದೇ ಆಪರೇಷನ್ನಾ?
ಕಾಲೇಜ್ ಹುಡುಗಿ, ದಾವಣಗೆರೆ

ಉತ್ತರ: ಅಲ್ಲ ಪುಟ್ಟಾ. ಎರಡರಲ್ಲೂ ಪಕ್ಕೆಲುಬಿನ ಮಾತು ಬರತ್ತೆ ಅಷ್ಟೇ. ಅದ್ರಲ್ಲಿ ಕೆಳಗಿನ ಪಕ್ಕೆಲುಬು, ಹೆಚ್ಚಾಗಿ 11 ಮತ್ತು 12ನೇದು, ಅವುಗಳ ಹೊರಗಿನ ಪದರವನ್ನ ಸಣ್ಣ ತೂತಿನಿಂದ ಅರ್ಧ ಸೀಳಿ ಒಳಕ್ಕೆ ಬಗ್ಗಿಸಿ, ತಿಂಗಳುಗಟ್ಟಲೆ ಕಾರ್ಸೆಟ್, ಅಂದ್ರೆ ಸೊಂಟಕ್ಕೆ ಸುತ್ತೋ ಬಿಗಿ ಪಟ್ಟಿ, ಹಾಕಿಸಿ ಅಲ್ಲೇ ಕೂಡಿಕೊಳ್ಳೋ ಹಾಗೆ ಮಾಡ್ತಾರೆ. ಯಾವ ಕಾಯಿಲೆಗೂ ಅಲ್ಲ, ಆಕಾರಕ್ಕೆ. ಆ ಪಕ್ಕೆಲುಬಿನ ಹಿಂದೆ ಕಿಡ್ನಿ ಇದೆ, ಮೇಲೆ ಶ್ವಾಸಕೋಶದ ಪೊರೆ ಇದೆ. ಚೆನ್ನಾಗಿರೋ ಎಲುಬನ್ನ ಸೀಳಿಸ್ಕೊಳ್ಳೋಕೆ ನಾನು ಯಾರಿಗೂ ಹೇಳಲ್ಲ, ರೀಲ್ಸ್‌ನೋರು ನಿಂಗೆ ಕಾರ್ಸೆಟ್ ಬಿಚ್ಚಿದ ದಿನ ತೋರಿಸ್ತಾರೆ, ಹಾಕ್ಕೊಂಡು ರಾತ್ರಿ ನಿದ್ದೆ ಬಾರದ ದಿನ ತೋರಿಸಲ್ಲ.

ಪ್ರಶ್ನೆ: ಸರ್, ನಂಗೆ 16ರಲ್ಲಿ ಬಾರ್ ಹಾಕಿದ್ರು, ಈಗ 19, ಹೋದ ವಾರ ತೆಗೆಸಿಕೊಂಡೆ. ಬೆಳಗ್ಗೆ ಹೋಗಿ ಸಂಜೆ ಮನೆಗೆ ಬಂದೆ, ಹಾಕಿದಾಗಿನ ನೋವಿಗೆ ಹೋಲಿಸಿದ್ರೆ ಇದೇನೂ ಇಲ್ಲ. ಈಗ ಒಂದೇ ಭಯ, ಮತ್ತೆ ಒಳಗೆ ಹೋಗ್ಬಿಡತ್ತಾ? ದಿನಾ ಕನ್ನಡಿ ಮುಂದೆ ಸ್ಕೇಲ್ ಇಟ್ಕೊಂಡು ನೋಡ್ತೀನಿ. ಆ ಬಾರ್ ಕೇಳಿ ಇಸ್ಕೊಂಡು ಬಂದು ಶೋಕೇಸಲ್ಲಿ ಇಟ್ಟಿದೀನಿ, ಅಮ್ಮ 'ಮೊದಲು ಅದನ್ನ ಎಸಿ, ಅಪಶಕುನ' ಅಂತ ಬೈತಿದಾರೆ.
ಹೆಸರು ಬೇಡ, ಹಾಸನ

ಉತ್ತರ: ಸ್ವಲ್ಪ ಒಳಗೆ ಹೋಗತ್ತೆ, ಕೆಲವು ಮಿಲಿಮೀಟರ್, ಅದು ಎಲ್ರಿಗೂ. ಪೂರ್ತಿ ಗುಳಿ ವಾಪಸ್ ಬರೋದು ನೂರಕ್ಕೆ ಕೆಲವರಿಗೆ ಮಾತ್ರ, ಅದೂ ಹೆಚ್ಚಾಗಿ ಬಾರ್ ಬೇಗ ತೆಗೆಸಿದೋರಿಗೆ ಅಥವಾ ತೀರಾ ಚಿಕ್ಕ ವಯಸ್ಸಲ್ಲಿ ಮಾಡಿಸಿ ಆಮೇಲೆ ಉದ್ದ ಬೆಳೆದೋರಿಗೆ. ನೀನು ಸರಿಯಾದ ವಯಸ್ಸಲ್ಲಿ ಹಾಕಿಸಿ ಮೂರು ವರ್ಷ ಇಟ್ಕೊಂಡಿದೀಯ, ಬೆಳವಣಿಗೆನೂ ಹೆಚ್ಚುಕಮ್ಮಿ ಮುಗಿದಿದೆ. ಸ್ಕೇಲ್ ಎತ್ತಿಡು. ಆರು ತಿಂಗಳಿಗೊಮ್ಮೆ ಡಾಕ್ಟ್ರು ನೋಡಿದ್ರೆ ಸಾಕು, ಗಾಯ ಒಣಗಿದ್ಮೇಲೆ ಈಜು ಶುರು ಮಾಡು, ಎದೆ ತುಂಬ ಉಸಿರು ಎಳೆಯೋ ಯಾವ ಕಸರತ್ತಾದ್ರೂ ಒಳ್ಳೇದೇ, ಈಜುಕೊಳದಲ್ಲಿ ಶರ್ಟ್ ಇರಲ್ಲ ಅಂತ ಈಗ ನಿಂಗೆ ನೆಪ ಇಲ್ಲ.

ಬಾರ್ ಸೋಪ್ ಹಾಕಿ ತೊಳೆದು ಶೋಕೇಸಿಂದ ತೆಗೆದು ನಿನ್ನ ಪುಸ್ತಕದ ಕಪಾಟಲ್ಲಿ ಇಟ್ಕೋ, ಅಮ್ಮನ ಕಣ್ಣಿಗೆ ಬೀಳದ ಕಡೆ. ನನ್ನ ಹತ್ರ ತೆಗೆಸಿಕೊಂಡ ಒಬ್ಬ ಅದನ್ನ ಗೋಡೆಗೆ ಹೊಡೆದು ಟವಲ್ ಹಾಕೋ ಸ್ಟ್ಯಾಂಡ್ ಮಾಡ್ಕೊಂಡಿದಾನೆ, ಫೋಟೋ ಕಳಿಸಿದ್ದ, ಚೆನ್ನಾಗೇ ಇತ್ತು.